ಧರ್ಮ ಅಧ್ಯಯನದಲ್ಲಿ ಪಿಎಚ್.ಡಿ.: ಅದಕ್ಕೂ ಮುನ್ನ ಯಾವ ಎಂ.ಎ.?

ಹಿಂದೂಪುರಕ್ಕೆ ಕೂಗಳತೆಯಲ್ಲೇ ಲೇಪಾಕ್ಷಿಯ ವೀರಭದ್ರನ ಗುಡಿ. ಪೆನುಕೊಂಡದಲ್ಲಿ ಪಾರ್ಶ್ವನಾಥ ಬಸದಿಯೂ ಇದೆ, ಬಾಬಯ್ಯನ ದರ್ಗಾವೂ ಇದೆ. ನೊಳಂಬರ ರಾಜಧಾನಿಯಾಗಿದ್ದ ಹೇಮಾವತಿಯಲ್ಲಿ ಶಿವಾಲಯಗಳು, ಕನ್ನಡ ಶಾಸನಗಳು. ಕಲ್ಯಾಣದುರ್ಗದಿಂದ ಮುಂದೆ ಹೋದರೆ ರಾಯದುರ್ಗದ ಬೆಟ್ಟದಲ್ಲಿ ರಸಸಿದ್ಧರ ಗುಹೆಗಳು, ಅಲ್ಲಿ ಜೈನ ಶಿಲ್ಪಗಳು. ಇಂಥ ಸೀಮೆಯಲ್ಲಿ ಬೆಳೆದವರಿಗೆ ಧರ್ಮಗಳ ಬಗ್ಗೆ ಸಂಶೋಧನೆ ಮಾಡುವ ಆಸೆ ಹುಟ್ಟಿದರೆ ಅಚ್ಚರಿಯಿಲ್ಲ. ತೊಡಕು ಬರುವುದು ಪದವಿ ಮುಗಿದ ಮೇಲೆ. ಎಂ.ಎ. ಆಯ್ಕೆಯಲ್ಲಿ ಎಡವಿದರೆ ಎರಡು ವರ್ಷವೂ ಮನೆಯವರ ಹಣವೂ ವ್ಯರ್ಥವಾಗುವ ಅಪಾಯವಿದೆ.

ನಿಯಮ ಏನು?

ಯುಜಿಸಿಯ 2022ರ ನಿಯಮಾವಳಿಯಂತೆ ಎರಡು ವರ್ಷದ ಎಂ.ಎ. ಮಾಡಿದವರಿಗೆ ಪಿಎಚ್.ಡಿ. ಪ್ರವೇಶಕ್ಕೆ ಕನಿಷ್ಠ ಶೇ. 55 ಅಂಕ ಬೇಕು. ಪರಿಶಿಷ್ಟ ಜಾತಿ, ಪಂಗಡ, ಹಿಂದುಳಿದ ವರ್ಗ ಮೊದಲಾದವರಿಗೆ ಶೇ. 5ರಷ್ಟು ರಿಯಾಯಿತಿ ಉಂಟು. ನಾಲ್ಕು ವರ್ಷದ ಪದವಿಯಲ್ಲಿ ಶೇ. 75 ಪಡೆದವರು ಎಂ.ಎ. ಇಲ್ಲದೆಯೂ ಅರ್ಜಿ ಹಾಕಬಹುದು. ಎಂ.ಫಿಲ್. ಈಗ ಇಲ್ಲ. 2024ರ ಜೂನ್‌ನಿಂದ ನೆಟ್ ಅಂಕಗಳನ್ನು ಪಿಎಚ್.ಡಿ. ಪ್ರವೇಶಕ್ಕೂ ಬಳಸಲಾಗುತ್ತಿದೆ.

ನೆಟ್ ಪಟ್ಟಿಯಲ್ಲಿ ತೌಲನಿಕ ಧರ್ಮ ಅಧ್ಯಯನ, ಹಿಂದೂ ಅಧ್ಯಯನ, ತತ್ತ್ವಶಾಸ್ತ್ರ ಬೇರೆ ಬೇರೆ ವಿಷಯಗಳು. ಬೌದ್ಧ, ಜೈನ, ಗಾಂಧಿ ಮತ್ತು ಶಾಂತಿ ಅಧ್ಯಯನ ಮತ್ತೊಂದು. ಮುಂದೆ ಅಧ್ಯಾಪಕ ಹುದ್ದೆಗೆ ಅರ್ಜಿ ಹಾಕುವಾಗಲೂ ಎಂ.ಎ. ವಿಷಯವನ್ನು ನೋಡುತ್ತಾರೆ. ಆದ್ದರಿಂದ ಸೇರುವ ಮೊದಲೇ ನೆಟ್ ವಿಷಯ ಯಾವುದೆಂದು ತಿಳಿದಿರಬೇಕು.

ಎಲ್ಲೆಲ್ಲಿ ಓದಬಹುದು?

ಧರ್ಮ ಅಧ್ಯಯನಕ್ಕೆಂದೇ ಇರುವ ವಿಭಾಗಗಳು ದೇಶದಲ್ಲಿ ಕಡಿಮೆ. ಪಟಿಯಾಲದ ಪಂಜಾಬಿ ವಿಶ್ವವಿದ್ಯಾಲಯದಲ್ಲಿ 1967ರಲ್ಲೇ ಇಂಥ ವಿಭಾಗ ಶುರುವಾಯಿತು. ದೆಹಲಿಯ ಜಾಮಿಯಾ ಮಿಲ್ಲಿಯಾದಲ್ಲಿ ಧರ್ಮಗಳ ತೌಲನಿಕ ಅಧ್ಯಯನ ಕೇಂದ್ರವಿದೆ. ಮದ್ರಾಸ್ ವಿಶ್ವವಿದ್ಯಾಲಯದಲ್ಲಿ ಶೈವ ಸಿದ್ಧಾಂತ, ವೈಷ್ಣವ, ಜೈನ, ಕ್ರೈಸ್ತ ಅಧ್ಯಯನಗಳಿಗೆ ಪ್ರತ್ಯೇಕ ವಿಭಾಗಗಳುಂಟು. ಗಡಿಯ ಕನ್ನಡಿಗರಿಗೆ ಹತ್ತಿರವಾದದ್ದು ಮೈಸೂರು ವಿಶ್ವವಿದ್ಯಾಲಯದ ಜೈನಶಾಸ್ತ್ರ ಮತ್ತು ಪ್ರಾಕೃತ ವಿಭಾಗ. ಅನೇಕ ಕೇಂದ್ರೀಯ ವಿಶ್ವವಿದ್ಯಾಲಯಗಳ ಎಂ.ಎ.ಗೆ ಸಿಯುಇಟಿ, ಆಂಧ್ರದ ರಾಜ್ಯ ವಿಶ್ವವಿದ್ಯಾಲಯಗಳಿಗೆ ಎಪಿ ಪಿಜಿಸೆಟ್ ಬರೆಯಬೇಕಾಗುತ್ತದೆ.

ಸೆಮಿನರಿಗಳ ಪದವಿ ಬೇರೆ ಬಗೆಯದು. ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜು (1910) ಹೆಸರಾಂತ ಸಂಸ್ಥೆ. ಆದರೆ ಇಂಥ ಕಾಲೇಜುಗಳ ಮುಖ್ಯ ಗುರಿ ಸಭೆಯ ಸೇವೆಗೆ ತರಬೇತಿ. ಅಲ್ಲಿನ ಪದವಿಯನ್ನು ಪಿಎಚ್.ಡಿ.ಗೆ ಒಪ್ಪುತ್ತಾರೆಯೇ ಎಂದು ಮುಂದೆ ಸೇರಬೇಕೆಂದಿರುವ ವಿಶ್ವವಿದ್ಯಾಲಯದಿಂದ ಲಿಖಿತ ಉತ್ತರ ಪಡೆಯುವುದು ಕ್ಷೇಮ. ಅಮೆರಿಕದಲ್ಲೂ ಇದೇ ಭೇದ: ಹಾರ್ವರ್ಡ್‌ನ ಎಂ.ಟಿ.ಎಸ್. ಎರಡು ವರ್ಷದ ಅಧ್ಯಯನ, ಎಂ.ಡಿವ್. ಮೂರು ವರ್ಷದ ವೃತ್ತಿ ಪದವಿ.

ಬೋರ್ಡಿಗಿಂತ ಭಾಷೆ ಮುಖ್ಯ

ಎಂ.ಎ.ಯ ಹೆಸರಿನಲ್ಲಿ 'ಧರ್ಮ' ಎಂಬ ಪದ ಇರಲೇಬೇಕೆಂದಿಲ್ಲ. ಎ.ಕೆ. ರಾಮಾನುಜನ್ ಮೈಸೂರಿನಲ್ಲಿ ಮಾಡಿದ್ದು ಇಂಗ್ಲಿಷ್ ಎಂ.ಎ. 1963ರಲ್ಲಿ ಇಂಡಿಯಾನಾ ವಿಶ್ವವಿದ್ಯಾಲಯದಿಂದ ಪಡೆದ ಪಿಎಚ್.ಡಿ. ಭಾಷಾಶಾಸ್ತ್ರದ್ದು. ಆದರೂ 1973ರಲ್ಲಿ ಬಂದ ಅವರ ವಚನಾನುವಾದ 'ಸ್ಪೀಕಿಂಗ್ ಆಫ್ ಶಿವ' ಹೊರದೇಶಗಳ ಧರ್ಮ ಅಧ್ಯಯನ ತರಗತಿಗಳಲ್ಲಿ ಪಠ್ಯವಾಯಿತು. ಅವರ ಕೈ ಹಿಡಿದದ್ದು ಭಾಷೆ.

ಹೇಮಾವತಿಯ ಶೈವರ ಬಗ್ಗೆ ಸಂಶೋಧನೆ ಮಾಡುವವರಿಗೆ ಹಳಗನ್ನಡ, ಸಂಸ್ಕೃತ, ಲಿಪಿಜ್ಞಾನ ಬೇಕು. ಅವರಿಗೆ ಕನ್ನಡ ಅಥವಾ ಇತಿಹಾಸದ ಎಂ.ಎ. ಹೆಚ್ಚು ಒದಗಬಹುದು. ಜೈನ ಗುಹೆಗಳಿಗೆ ಪ್ರಾಕೃತ, ಪೆನುಕೊಂಡದ ದರ್ಗಾಕ್ಕೆ ಉರ್ದು, ಪಾರ್ಸಿ ಬೇಕು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತೆಲುಗು ಕಲಿತ ಹಿಂದೂಪುರ, ಕಲ್ಯಾಣದುರ್ಗದ ವಿದ್ಯಾರ್ಥಿಗಳಿಗೆ ಎರಡು ಭಾಷೆಗಳ ಬಂಡವಾಳ ಆಗಲೇ ಕೈಯಲ್ಲಿದೆ. ದೂರದ ಊರಿನ ಸಂಶೋಧಕರು ಇದನ್ನು ವರ್ಷಗಟ್ಟಲೆ ಕಲಿಯಬೇಕಾಗುತ್ತದೆ.

ಸೇರುವ ಮುನ್ನ ಕೇಳಬೇಕಾದದ್ದು

* ಸಂಶೋಧನೆಗೆ ಬೇಕಾದ ಭಾಷೆಯನ್ನು ಕಲಿಸುವವರು ಇದ್ದಾರೆಯೇ?
* ಎರಡನೇ ವರ್ಷದಲ್ಲಿ ಕಿರುಪ್ರಬಂಧ ಬರೆಸುತ್ತಾರೆಯೇ?
* ಆ ವಿಷಯದಲ್ಲಿ ಪಿಎಚ್.ಡಿ. ಮಾರ್ಗದರ್ಶಕರು ಅಲ್ಲಿ ಇದ್ದಾರೆಯೇ?
* ಹೊರರಾಜ್ಯದವರಿಗೆ ಸೀಟು, ಶುಲ್ಕ, ಹಾಸ್ಟೆಲ್ ನಿಯಮವೇನು?
* ಈ ಎಂ.ಎ. ಯಾವ ನೆಟ್ ವಿಷಯಕ್ಕೆ ಹೊಂದುತ್ತದೆ?

ಮೊದಲು ಸಂಶೋಧನೆಯ ಪ್ರಶ್ನೆ, ಆಮೇಲೆ ಅದಕ್ಕೆ ಬೇಕಾದ ಭಾಷೆ, ಕೊನೆಗೆ ವಿಭಾಗ. ಈ ಕ್ರಮದಲ್ಲಿ ಆರಿಸಿಕೊಂಡರೆ ಎಂ.ಎ.ಯ ಎರಡು ವರ್ಷ ಪಿಎಚ್.ಡಿ.ಗೆ ಗಟ್ಟಿ ಬುನಾದಿಯಾಗುತ್ತದೆ.