ಸುಣ್ಣ ಸುಟ್ಟ ಕಣ್ಣಿಗೆ ಅಂಚಿನಿಂದ ಬೆಳಕು

ಮಂಗಳೂರು ಕಡೆ ಚಿಪ್ಪು ಸುಟ್ಟು ಮಾಡಿದ ಸುಣ್ಣ ಗೋಡೆಗೂ ಬೇಕಿತ್ತು, ವೀಳ್ಯಕ್ಕೂ ಬೇಕಿತ್ತು. ಇದೇ ಸುಣ್ಣ ಕಣ್ಣಿಗೆ ಬಿದ್ದರೆ? ಎಲೆಯಡಿಕೆಗೆಂದು ತಂದ ಸುಣ್ಣದ ಪೊಟ್ಟಣವನ್ನು ಹಿಸುಕಿ ಕಣ್ಣು ಸುಟ್ಟುಕೊಂಡ ಮಕ್ಕಳ ಬಗ್ಗೆ ಭಾರತದ ನೇತ್ರತಜ್ಞರು ಮತ್ತೆ ಮತ್ತೆ ಬರೆದಿದ್ದಾರೆ.

ಸಾಮಾನ್ಯವಾಗಿ ಆಸಿಡ್‌ಗಿಂತ ಸುಣ್ಣದಂಥ ಕ್ಷಾರವೇ ಕಣ್ಣಿಗೆ ಹೆಚ್ಚು ಕೇಡು. ಆಸಿಡ್ ತಗುಲಿದಲ್ಲಿ ಪ್ರೋಟೀನು ಹೆಪ್ಪುಗಟ್ಟಿ ಕೊಂಚ ತಡೆಯಾಗುತ್ತದೆ. ಕ್ಷಾರ ಮಾತ್ರ ಕೋಶಗಳ ಕೊಬ್ಬನ್ನೇ ಸಾಬೂನಾಗಿಸಿ ಒಳಕ್ಕಿಳಿಯುತ್ತದೆ. ಆಸ್ಪತ್ರೆಗೆ ಓಡುವ ಮುನ್ನವೇ ಅರ್ಧ ಗಂಟೆಯಾದರೂ ಶುದ್ಧ ನೀರಿನಿಂದ ಕಣ್ಣು ತೊಳೆಯಬೇಕೆನ್ನುವುದು ಇದಕ್ಕೇ.

ಕಾರ್ನಿಯಾ ಕಸಿಯ ಇತಿಹಾಸ ಶುರುವಾಗುವುದೂ ಸುಣ್ಣದಿಂದಲೇ. 1905ರ ಡಿಸೆಂಬರ್ 7ರಂದು, ಈಗಿನ ಚೆಕ್ ಗಣರಾಜ್ಯದ ಓಲೊಮೌಟ್ಸ್‌ನಲ್ಲಿ, ಸುಣ್ಣದಿಂದ ಎರಡೂ ಕಣ್ಣು ಕಳೆದುಕೊಂಡಿದ್ದ ಅಲೋಯಿಸ್ ಗ್ಲೋಗರ್ ಎಂಬ ಕೂಲಿಗೆ ಡಾ. ಎಡ್ವರ್ಡ್ ಜಿರ್ಮ್ ಕಾರ್ನಿಯಾ ಕಸಿ ಮಾಡಿದರು. ಗಾಯದಿಂದಾಗಿ ತೆಗೆಯಲೇಬೇಕಾಗಿದ್ದ 11 ವರ್ಷದ ಹುಡುಗನೊಬ್ಬನ ಕಣ್ಣಿನ ಕಾರ್ನಿಯಾ ಅದು. ಒಂದು ಕಣ್ಣಿನ ಕಸಿ ಕೆಟ್ಟರೂ ಇನ್ನೊಂದು ನಿಂತಿತು. ಗ್ಲೋಗರ್ ಮತ್ತೆ ದುಡಿಮೆಗೆ ಮರಳಿದ. ಮನುಷ್ಯನಿಂದ ಮನುಷ್ಯನಿಗೆ ಯಶಸ್ವಿಯಾದ ಮೊದಲ ಕಾರ್ನಿಯಾ ಕಸಿ ಇದು.

ಆದರೆ ಅದು ಅದೃಷ್ಟವೂ ಹೌದು. ಸುಟ್ಟ ಕಣ್ಣಿಗೆ ಹಾಕಿದ ಕಾರ್ನಿಯಾ ಹೆಚ್ಚಾಗಿ ಮತ್ತೆ ಮಸುಕಾಗುತ್ತಿತ್ತು. ಕಾರಣ ಸ್ಪಷ್ಟವಾದದ್ದು 1980ರ ದಶಕದಲ್ಲಿ. ಕರಿಗುಡ್ಡೆಯೂ ಬಿಳಿಗುಡ್ಡೆಯೂ ಕೂಡುವ ಅಂಚಿಗೆ ಲಿಂಬಸ್ ಎಂದು ಹೆಸರು. ಕಾರ್ನಿಯಾದ ಮೇಲ್ಪದರ ಸವೆದಂತೆಲ್ಲ ಹೊಸ ಕೋಶ ಒದಗಿಸುವ ಆಕರ ಕೋಶಗಳು ಇರುವುದು ಅಲ್ಲಿ. ಅಂಚು ಸುಟ್ಟುಹೋದರೆ, ಬೇಲಿ ಬಿದ್ದ ಗದ್ದೆಗೆ ದನ ನುಗ್ಗಿದಂತೆ, ಬಿಳಿಗುಡ್ಡೆಯ ಪೊರೆ ರಕ್ತನಾಳಗಳ ಸಮೇತ ಕರಿಗುಡ್ಡೆಯ ಮೇಲೆ ಹಬ್ಬುತ್ತದೆ.

1989ರಲ್ಲಿ ಅಮೆರಿಕದ ಕೆನ್ಯನ್ ಮತ್ತು ತ್ಸೆಂಗ್, ರೋಗಿಯ ಒಳ್ಳೆಯ ಕಣ್ಣಿನ ಅಂಚನ್ನು ಸುಟ್ಟ ಕಣ್ಣಿಗೆ ನೆಟ್ಟ ಪ್ರಯೋಗಗಳನ್ನು ಪ್ರಕಟಿಸಿದರು. ಒಳ್ಳೆಯ ಕಣ್ಣಿಗೂ ಅಪಾಯವಾದರೆ ಎಂಬ ಅಳುಕು ಉಳಿಯಿತು. 1997ರಲ್ಲಿ ಇಟಲಿಯವರು ಚೂರು ಅಂಚನ್ನು ಪ್ರಯೋಗಾಲಯದಲ್ಲಿ ಬೆಳೆಸಿ ನೆಟ್ಟರು. ಆದರೆ ಅದು ದುಬಾರಿ ವಿಧಾನ. ಬಡವರಿಗೂ ಎಟಕುವ ದಾರಿ ಹೊಳೆದದ್ದು ಹೈದರಾಬಾದಿನ ಎಲ್.ವಿ. ಪ್ರಸಾದ್ ನೇತ್ರ ಸಂಸ್ಥೆಯಲ್ಲಿ. 2012ರಲ್ಲಿ ಡಾ. ವೀರೇಂದ್ರ ಸಂಗ್ವಾನ್ ಮತ್ತು ಸಂಗಡಿಗರು ಪ್ರಕಟಿಸಿದ ಈ ವಿಧಾನದಲ್ಲಿ ಎರಡು ಮಿಲಿಮೀಟರಿನಷ್ಟು ಅಂಚು ಸಾಕು. ಅದನ್ನು ಎಂಟು ಹತ್ತು ತುಣುಕು ಮಾಡಿ, ಸುಟ್ಟ ಕಣ್ಣಿಗೆ ಹೊದಿಸಿದ ಗರ್ಭಚೀಲದ ಪೊರೆಯ ಮೇಲೆ ಅಂಟಿಸುತ್ತಾರೆ. ಕೋಶಗಳು ಕಣ್ಣಿನಲ್ಲೇ ಬೆಳೆಯುತ್ತವೆ, ಪ್ರಯೋಗಾಲಯ ಬೇಡ.

ಎರಡೂ ಕಣ್ಣು ಸುಟ್ಟವರ ಪಾಡು ಕಷ್ಟದ್ದೇ. ಬೇರೆಯವರ ಅಂಚನ್ನು ನೆಟ್ಟರೆ, ದೇಹ ಅದನ್ನು ತಿರಸ್ಕರಿಸದಂತೆ ದೀರ್ಘಕಾಲ ಔಷಧಿ ಬೇಕು. 2021ರ ಅಕ್ಟೋಬರಿನಲ್ಲಿ ನಟ ಪುನೀತ್ ರಾಜಕುಮಾರ್ ತೀರಿಕೊಂಡಾಗ ಅವರ ಎರಡು ಕಾರ್ನಿಯಾಗಳನ್ನು ಪದರ ಬಿಡಿಸಿ ಬೆಂಗಳೂರಿನ ನಾರಾಯಣ ನೇತ್ರಾಲಯ ನಾಲ್ವರಿಗೆ ದೃಷ್ಟಿ ನೀಡಿದ್ದು ನಾಡಿಗೇ ಗೊತ್ತು. ಅಷ್ಟಾಗಿ ಸುದ್ದಿಯಾಗದ ಸಂಗತಿಯೊಂದಿದೆ: ಮಿಕ್ಕ ಅಂಚನ್ನೂ ಆಸ್ಪತ್ರೆ ಎಸೆಯಲಿಲ್ಲ. ಮುಂದೆ ಇಂಥ ಸುಟ್ಟ ಕಣ್ಣುಗಳಿಗೆ ಉಪಯೋಗವಾದೀತೆಂದು, ಆಕರ ಕೋಶ ಪಡೆಯಲು ತನ್ನ ಪ್ರಯೋಗಾಲಯಕ್ಕೆ ಕಳಿಸಿತು.