ಜರ್ಮನಿಯ ಹಳೆಯ ತಂಬಾಕು ಪೈಪುಗಳು: ಮುದ್ರೆ ಮತ್ತು ಪ್ರಮಾಣ

ಅಮೆರಿಕ ಖಂಡದಿಂದ 16ನೆಯ ಶತಮಾನದಲ್ಲಿ ಯುರೋಪಿಗೆ ಬಂದ ತಂಬಾಕನ್ನು ಪೈಪಿನಲ್ಲಿ ಸೇದುವ ರೂಢಿಯು ಇಂಗ್ಲೆಂಡ್ ಮತ್ತು ನೆದರ್ಲ್ಯಾಂಡ್ಸ್‌ಗಳಲ್ಲಿ ಮೊದಲು ಬೇರೂರಿತು. ಅದನ್ನು ಜರ್ಮನ್ ನಾಡುಗಳ ಉದ್ದಗಲಕ್ಕೆ ಹರಡಿದವರಲ್ಲಿ ಮೂವತ್ತು ವರ್ಷಗಳ ಯುದ್ಧದ (1618–1648) ಸೈನಿಕರು ಮುಖ್ಯರಾದವರು. ಹೀಗೆ ಬೆಳೆದ ಪೈಪು ತಯಾರಿಕೆಯ ಅವಶೇಷಗಳು ಇಂದು ವಸ್ತುಸಂಗ್ರಹಾಲಯಗಳಲ್ಲಿಯೂ ಹವ್ಯಾಸಿಗಳ ಸಂಗ್ರಹಗಳಲ್ಲಿಯೂ ವಿಪುಲವಾಗಿವೆ. ಆದರೆ ಅವು ಇತಿಹಾಸದ ಆಕರಗಳಾಗಬೇಕಾದರೆ ಪೈಪಿನ ಮೇಲಿರುವ ಬರಹವೊಂದನ್ನೇ ನಂಬುವಂತಿಲ್ಲ.

ಈ ಮಾತಿಗೆ ವೆಸ್ಟರ್‌ವಾಲ್ಡ್ ಪ್ರದೇಶದ ಜೇಡಿಮಣ್ಣಿನ ಪೈಪುಗಳು ಉತ್ತಮ ನಿದರ್ಶನ. ಸುಟ್ಟರೆ ಬೆಳ್ಳಗಾಗುವ ಮಣ್ಣು ಇಲ್ಲಿ ಹೇರಳ. ಕುಶಲಕರ್ಮಿಗಳು ಮಣ್ಣನ್ನು ಕಡ್ಡಿಯಂತೆ ಹೊಸೆದು, ಒಳಗೆ ತಂತಿ ತೂರಿಸಿ, ಎರಡು ಹೋಳಿನ ಲೋಹದ ಅಚ್ಚಿನಲ್ಲಿಟ್ಟು ಒತ್ತುತ್ತಿದ್ದರು. ಆ ಕಾಲದಲ್ಲಿ ನೆದರ್ಲ್ಯಾಂಡ್ಸ್‌ನ ಗೌಡಾ ಪಟ್ಟಣದ ಪೈಪುಗಳಿಗೆ ಹೆಚ್ಚಿನ ಮನ್ನಣೆಯಿತ್ತು. ಆದುದರಿಂದ ವೆಸ್ಟರ್‌ವಾಲ್ಡಿನ ತಯಾರಕರು ಗೌಡಾದ ಮುದ್ರೆಗಳನ್ನೂ ಊರಿನ ಹೆಸರನ್ನೂ ತಮ್ಮ ಸರಕಿನ ಮೇಲೆ ಒತ್ತಿದರು. 1660ರಲ್ಲಿ ಸ್ಥಾಪಿತವಾದ ಗೌಡಾದ ವೃತ್ತಿಸಂಘವು ತನ್ನ ಸದಸ್ಯರ ಮುದ್ರೆಗಳನ್ನು ರಕ್ಷಿಸಲು ಯತ್ನಿಸಿದರೂ ಅನುಕರಣೆ ನಿಲ್ಲಲಿಲ್ಲ. ಮಣ್ಣಿನ ಪರೀಕ್ಷೆಯಿಂದಲೇ ಈ ಸಮಸ್ಯೆ ಬಗೆಹರಿಯುವುದೂ ಇಲ್ಲ. ಏಕೆಂದರೆ ರೈನ್ ನದಿಯ ಆಸುಪಾಸಿನ ಜರ್ಮನ್ ಮಣ್ಣು ನೆದರ್ಲ್ಯಾಂಡ್ಸ್‌ಗೂ ರಫ್ತಾಗುತ್ತಿತ್ತು. ಬಟ್ಟಲಿನ ಆಕಾರ, ಅಚ್ಚಿನ ಗೆರೆ, ನುಣುಪಿನ ಗುಣಮಟ್ಟ, ಕುಲುಮೆಯ ಬಳಿ ಸಿಗುವ ಕೆಟ್ಟ ಪೈಪುಗಳ ರಾಶಿ ಹಾಗೂ ಸ್ಥಳೀಯ ದಾಖಲೆಗಳನ್ನು ಒಟ್ಟಾಗಿ ನೋಡಿದಾಗ ಮಾತ್ರ ನೆಲೆ ನಿರ್ಧಾರವಾಗುತ್ತದೆ.

ಜೇಡಿಮಣ್ಣಿನ ಪೈಪು ಅಗ್ಗವಾದುದು, ಬೇಗ ಒಡೆಯುವಂಥದು. ಒಡೆದ ಚೂರು ಬಹುಕಾಲ ಉಳಿಯದೆ ಕಸಕ್ಕೆ ಸೇರುತ್ತಿದ್ದುದರಿಂದ ಉತ್ಖನನದ ಪದರಗಳ ಕಾಲನಿರ್ಣಯಕ್ಕೆ ಅದು ನೆರವಾಗುತ್ತದೆ. ಅಮೆರಿಕದ ಪುರಾತತ್ವಜ್ಞ ಹ್ಯಾರಿಂಗ್ಟನ್ 1954ರಲ್ಲಿ ಕೊಳವೆಯ ರಂಧ್ರದ ಅಳತೆಯಿಂದ ಕಾಲವನ್ನು ಅಂದಾಜಿಸುವ ಕ್ರಮವನ್ನು ಸೂಚಿಸಿದರು. 1962ರಲ್ಲಿ ಬಿನ್‌ಫೋರ್ಡ್ ಅದಕ್ಕೆ ಸೂತ್ರರೂಪ ಕೊಟ್ಟರು. ಆದರೆ ಆ ಕ್ರಮವು ಇಂಗ್ಲಿಷ್ ಪೈಪುಗಳನ್ನು ಆಧರಿಸಿದುದು. ಜರ್ಮನಿಯ ಪೈಪುಗಳಿಗೆ ಅದನ್ನು ನೇರವಾಗಿ ಅನ್ವಯಿಸುವುದು ಯುಕ್ತವಲ್ಲ.

ಮುಂದೆ ಉಲ್ಮ್ ನಗರದ ಗಂಟುಮರದ ಪೈಪುಗಳೂ ಥುರಿಂಗಿಯಾದ ರೂಲಾ ಪಟ್ಟಣದ ಬಗೆಬಗೆಯ ಪೈಪುಗಳೂ ಪ್ರಸಿದ್ಧವಾದವು. ಪಿಂಗಾಣಿ ಬಟ್ಟಲಿನ ಪೈಪುಗಳಲ್ಲಿ, ಕಡ್ಡಾಯ ಸೈನಿಕ ಸೇವೆ ಮುಗಿಸಿದವರು ನೆನಪಿಗಾಗಿ ಕೊಳ್ಳುತ್ತಿದ್ದವು ವಿಶೇಷ ಗಮನಾರ್ಹ. ಅವುಗಳ ಮೇಲೆ ಸೈನಿಕನ ಹೆಸರು, ರೆಜಿಮೆಂಟು, ಸೇವಾವರ್ಷಗಳು, ಹಲವು ವೇಳೆ ಸಂಗಾತಿಗಳ ಹೆಸರುಗಳೂ ಇರುತ್ತವೆ. ಇಲ್ಲಿಯೂ ನಕಲುಗಳುಂಟು. 1893ರಲ್ಲಿ ಕಾಲಾಳುಗಳ ಸೇವಾವಧಿಯು ಮೂರು ವರ್ಷದಿಂದ ಎರಡಕ್ಕೆ ಇಳಿಯಿತು. ಅನಂತರದ ಕಾಲಾಳುವಿನ ಪೈಪಿನಲ್ಲಿ ಮೂರು ವರ್ಷದ ಅವಧಿ ಕಂಡರೆ ಸಂಶೋಧಕನು ಅದಕ್ಕೆ ಕಾರಣವನ್ನು ಹುಡುಕಬೇಕಾಗುತ್ತದೆ.

ಮಾರುಕಟ್ಟೆಯು ಅಖಂಡವಾದ, ಅಲಂಕೃತವಾದ ಪೈಪಿಗೆ ಬೆಲೆ ಕಟ್ಟುತ್ತದೆ. ಇತಿಹಾಸಕ್ಕಾದರೋ ದೊರೆತ ನೆಲೆ, ಪದರ ಹಾಗೂ ಜೊತೆಗೆ ಸಿಕ್ಕ ವಸ್ತುಗಳ ವಿವರವುಳ್ಳ ಒಂದು ಚೂರು ಅದಕ್ಕಿಂತ ಹೆಚ್ಚಿನದು. ಈ ವಿವರವನ್ನು ದಾಖಲಿಸದೆ ನೆಲದಿಂದ ಎತ್ತಿದ ಪೈಪು ತನ್ನ ಮುದ್ರೆಯನ್ನು ಉಳಿಸಿಕೊಂಡರೂ ಸಾಕ್ಷ್ಯದ ಬಹುಭಾಗವನ್ನು ಕಳೆದುಕೊಳ್ಳುತ್ತದೆ. ಹಾಗೆ ಕಳೆದುಹೋದುದನ್ನು ಮುಂದಿನ ಯಾವ ಸಂಶೋಧನೆಯೂ ಮರಳಿ ಪಡೆಯಲಾರದು.