ಸದ್ದಿಲ್ಲದ ಮಗು ಕಣ್ಣಿಗೆ ಬಿದ್ದ ಬಗೆ

ಮಕ್ಕಳ ಮನಸ್ಸಿನ ಕಾಯಿಲೆಗೆ ಪ್ರತ್ಯೇಕ ಚಿಕಿತ್ಸಾಲಯಗಳು ಬೇಕೆಂಬ ವಿಚಾರ ಬೇರೂರಿದ್ದು ಕೋರ್ಟಿನ ಆವರಣದಲ್ಲಿ. 1909ರಲ್ಲಿ ಷಿಕಾಗೋದ ಬಾಲನ್ಯಾಯಾಲಯದ ಜೊತೆಗೂಡಿ ವಿಲಿಯಂ ಹೀಲಿ ಎಂಬ ವೈದ್ಯ ತಪಾಸಣಾ ಕೇಂದ್ರವೊಂದನ್ನು ನಡೆಸತೊಡಗಿದ. ಅಲ್ಲಿಗೆ ಬರುತ್ತಿದ್ದವರು ಕದ್ದವರು, ಹೊಡೆದಾಡಿದವರು, ಮನೆ ಬಿಟ್ಟು ಓಡಿದವರು. 1920ರ ದಶಕದಲ್ಲಿ ಅಮೆರಿಕದಲ್ಲಿ ಹಬ್ಬಿದ ಚೈಲ್ಡ್ ಗೈಡೆನ್ಸ್ ಕ್ಲಿನಿಕ್‌ಗಳಿಗೆ ಇದು ದಾರಿ ಹಾಕಿಕೊಟ್ಟಿತು. ಭಾರತದಲ್ಲಿ ಅಂಥ ಕ್ಲಿನಿಕ್ 1937ರಲ್ಲಿ ಮುಂಬಯಿಯಲ್ಲಿ, ಟಾಟಾ ಸಮಾಜಕಾರ್ಯ ಶಾಲೆಯ ಆಶ್ರಯದಲ್ಲಿ ಶುರುವಾಯಿತು. ಊರಿಗೆ ತೊಂದರೆ ಕೊಡುವ ಮಗು ಬೇಗ ವೈದ್ಯರ ಮುಂದೆ ಬರುತ್ತಿತ್ತು; ಒಳಗೊಳಗೇ ಕುಗ್ಗುವ ಮಗು ಬರುತ್ತಿರಲಿಲ್ಲ.

ಈ ಕೊರತೆಯನ್ನು ಎತ್ತಿ ತೋರಿಸಿದ್ದು 1928ರಲ್ಲಿ ಪ್ರಕಟವಾದ ಇ. ಕೆ. ವಿಕ್‌ಮನ್‌ನ ಅಧ್ಯಯನ. ಮಕ್ಕಳ ಯಾವ ನಡವಳಿಕೆ ಹೆಚ್ಚು ಗಂಭೀರವೆಂದು ಅವನು 511 ಶಿಕ್ಷಕರನ್ನೂ 30 ಮಂದಿ ಮನೋಆರೋಗ್ಯ ತಜ್ಞರನ್ನೂ ಕೇಳಿದ. ಶಿಕ್ಷಕರಿಗೆ ಕಳ್ಳತನ, ಅವಿಧೇಯತೆ, ಲೈಂಗಿಕ ವಿಷಯಗಳು ದೊಡ್ಡವಾಗಿ ಕಂಡವು. ತಜ್ಞರಿಗೆ ಆತಂಕ ಹುಟ್ಟಿಸಿದ್ದು ಯಾರೊಡನೆಯೂ ಬೆರೆಯದಿರುವುದು, ಅನುಮಾನ, ಅಂಜಿಕೆ, ಸದಾ ಮಂಕಾಗಿರುವುದು. ಎರಡೂ ಗುಂಪುಗಳಿಗೆ ಕೊಟ್ಟ ಸೂಚನೆಗಳು ಒಂದೇ ಆಗಿರಲಿಲ್ಲ ಎಂಬ ಆಕ್ಷೇಪ ಮುಂದೆ ಬಂತು, ಅದು ನ್ಯಾಯವೂ ಹೌದು. ಆದರೂ ಸದ್ದಿಲ್ಲದ ಮಗುವನ್ನು ಗಮನಿಸುವವರು ಯಾರು ಎಂಬ ಪ್ರಶ್ನೆ ಉಳಿಯಿತು. ಇದಕ್ಕೆ ಮೇಷ್ಟರನ್ನು ಮಾತ್ರ ದೂರಿ ಫಲವಿಲ್ಲ. ಕಿಕ್ಕಿರಿದ ತರಗತಿಯಲ್ಲಿ ಗಲಾಟೆ ಮಾಡದ ಹುಡುಗನಿಗೆ ಸಿಗುವುದು ‘ಸಾಧು’ ಎಂಬ ಹೊಗಳಿಕೆಯೇ ಹೊರತು ವಿಚಾರಣೆಯಲ್ಲ.

ಸಂಕಟದಲ್ಲಿರುವವರ ಮಾತು ಕೇಳಲು ವೈದ್ಯರೇ ಬೇಕೆಂದಿಲ್ಲ ಎಂದು ತೋರಿಸಿದವನು ಚಾಡ್ ವರಾ ಎಂಬ ಇಂಗ್ಲಿಷ್ ಪಾದ್ರಿ. 1935ರಲ್ಲಿ ಅವನು ಹದಿನಾಲ್ಕರ ಹುಡುಗಿಯೊಬ್ಬಳ ಅಂತ್ಯಸಂಸ್ಕಾರ ನಡೆಸಬೇಕಾಯಿತು. ಮುಟ್ಟಾದದ್ದನ್ನು ಕೆಟ್ಟ ರೋಗವೆಂದು ಹೆದರಿ ಅವಳು ಜೀವ ಕಳೆದುಕೊಂಡಿದ್ದಳು. ಕೇಳಲು ಅವಳಿಗೆ ಯಾರೂ ಇರಲಿಲ್ಲ. 1953ರಲ್ಲಿ ಲಂಡನ್ನಿನಲ್ಲಿ ಅವನು ಆರಂಭಿಸಿದ ದೂರವಾಣಿ ಸೇವೆಯೇ ಸಮಾರಿಟನ್ಸ್.

ಬೆಂಗಳೂರಿನಲ್ಲಿ ಮನಸ್ಸಿನ ಆರೈಕೆಯ ಕಥೆ ಹುಚ್ಚಾಸ್ಪತ್ರೆಯಿಂದ ಮೊದಲಾಗುತ್ತದೆ. 1847ರ ಹೊತ್ತಿಗಿದ್ದ ಆ ಆಸ್ಪತ್ರೆ 1925ರಲ್ಲಿ ಮಾನಸಿಕ ಆಸ್ಪತ್ರೆ ಎಂಬ ಹೆಸರು ಪಡೆಯಿತು. 1954ರಲ್ಲಿ ಬಂದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೊಡನೆ 1974ರಲ್ಲಿ ಸೇರಿ ನಿಮ್ಹಾನ್ಸ್ ಆಯಿತು. ಸಕಲವಾರದ ಸಮುದಾಯ ಕೇಂದ್ರದ ಮೂಲಕ ಸಂಸ್ಥೆ ಹಳ್ಳಿಗಳ ಕಡೆ ಹೊರಳಿತು. ಇಲ್ಲಿಯ ಮನೋವಿಜ್ಞಾನಿ ಮಾಳವಿಕಾ ಕಪೂರ್ ಮತ್ತು ಸಂಗಡಿಗರು ಶಾಲಾ ಶಿಕ್ಷಕರಿಗೆ ತರಬೇತಿ ಕೊಡುವ ಕೆಲಸ ಹಚ್ಚಿಕೊಂಡರು. ಮೇಷ್ಟರನ್ನು ವೈದ್ಯರನ್ನಾಗಿಸುವುದು ಇಂಥ ತರಬೇತಿಯ ಉದ್ದೇಶವಲ್ಲ. ಇದ್ದಕ್ಕಿದ್ದಂತೆ ಕುಸಿದ ಅಂಕ, ಮೇಲಿಂದ ಮೇಲೆ ಗೈರು, ಕಾರಣ ಸಿಗದ ತಲೆನೋವು ಹೊಟ್ಟೆನೋವು, ನಿದ್ದೆಗೆಟ್ಟ ಮುಖ, ಗೆಳೆಯರಿಂದ ದೂರವಾಗುವುದು, ಸಿಡುಕು, ‘ನಾನಿದ್ದು ಏನು ಪ್ರಯೋಜನ’ ಎಂಬ ಮಾತು, ಇಷ್ಟದ ವಸ್ತುಗಳನ್ನು ಹಂಚಿಬಿಡುವುದು ಇವೆಲ್ಲ ಗಮನಿಸಬೇಕಾದ ಸೂಚನೆಗಳು. ‘ಸಾಯಬೇಕು ಅನ್ನಿಸುತ್ತಿದೆಯಾ’ ಎಂದು ನೇರವಾಗಿ ಕೇಳಿದರೆ ಇಲ್ಲದ ಯೋಚನೆ ಹುಟ್ಟೀತೆಂಬ ಭಯ ಹಳೆಯದು. ಸಂಶೋಧನೆ ಅದನ್ನು ಸಮರ್ಥಿಸಿಲ್ಲ. ಮೃದುವಾಗಿ ಕೇಳಿದಾಗ ಮಗುವಿಗೆ ಭಾರ ಇಳಿದಂತಾಗುವುದೇ ಹೆಚ್ಚು.

ಶಿಕ್ಷಕರ ಕಣ್ಣೊಂದೇ ಸಾಲದು ಎಂಬುದು 2015ರಲ್ಲಿ ಪ್ರಕಟವಾದ ಅಧ್ಯಯನವೊಂದರಿಂದ ಸ್ಪಷ್ಟವಾಯಿತು. ಯುರೋಪಿನ 10 ದೇಶಗಳ 168 ಶಾಲೆಗಳಲ್ಲಿ 11,110 ವಿದ್ಯಾರ್ಥಿಗಳ ನಡುವೆ ಆತ್ಮಹತ್ಯೆ ತಡೆಯುವ ಮೂರು ವಿಧಾನಗಳನ್ನು ಹೋಲಿಸಿ ನೋಡಲಾಗಿತ್ತು. ಶಿಕ್ಷಕರ ತರಬೇತಿಯಾಗಲಿ ಪ್ರಶ್ನಾವಳಿಯ ತಪಾಸಣೆಯಾಗಲಿ ಗಣನೀಯ ವ್ಯತ್ಯಾಸ ತರಲಿಲ್ಲ. ಮಕ್ಕಳಿಗೇ ಪಾತ್ರಾಭಿನಯ, ಚರ್ಚೆಗಳ ಮೂಲಕ ತಿಳಿವಳಿಕೆ ಕೊಟ್ಟ ಶಾಲೆಗಳಲ್ಲಿ ಮಾತ್ರ ಮುಂದಿನ ಹನ್ನೆರಡು ತಿಂಗಳಲ್ಲಿ ಆತ್ಮಹತ್ಯೆಯ ಹೊಸ ಯತ್ನಗಳು ಸುಮಾರು ಅರ್ಧಕ್ಕೆ ಇಳಿದವು. ಪಕ್ಕದ ಬೆಂಚಿನವನಿಗೆ ಗೊತ್ತಿರುವುದು ಎಷ್ಟೋ ಸಲ ಸ್ಟಾಫ್‌ರೂಮಿಗೆ ತಲುಪಿರುವುದಿಲ್ಲ.

ಆತ್ಮಹತ್ಯೆಯ ಯತ್ನದ ಬಗೆಗಿನ ಕಾನೂನು ಬದಲಾದದ್ದು ಇನ್ನೂ ನಿಧಾನವಾಗಿ. 1860ರ ಭಾರತೀಯ ದಂಡಸಂಹಿತೆಯ 309ನೇ ಕಲಮು ಆತ್ಮಹತ್ಯೆಯ ಯತ್ನವನ್ನು ಅಪರಾಧವೆನ್ನುತ್ತಿತ್ತು. ಪೊಲೀಸರ ಭಯಕ್ಕೆ ಮನೆಯವರು ವಿಷಯ ಮುಚ್ಚಿಡುತ್ತಿದ್ದರು. 2017ರ ಮಾನಸಿಕ ಆರೋಗ್ಯ ಕಾಯಿದೆ ಅಂಥವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಿ, ಆರೈಕೆ ಒದಗಿಸುವ ಹೊಣೆಯನ್ನು ಸರ್ಕಾರಕ್ಕೆ ವಹಿಸಿತು. 2024ರ ಜುಲೈಯಲ್ಲಿ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಆ ಕಲಮು ಹಳೆಯ ರೂಪದಲ್ಲಿ ಉಳಿದಿಲ್ಲ. ಈ ನಡುವೆ ನೆರವು ಕೇಳುವ ದಾರಿಯೂ ಹತ್ತಿರವಾಯಿತು. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿಗೆ ನಿಮ್ಹಾನ್ಸ್ ಮಾರ್ಗದರ್ಶಕ ಕೇಂದ್ರ. 14416ಕ್ಕೆ ಕರೆ ಮಾಡಿದರೆ ಹಗಲು ರಾತ್ರಿಯೆನ್ನದೆ, ಕನ್ನಡದಲ್ಲೂ ಮಾತಾಡಬಹುದು.